ಲೇಬಲ್ ಇಲ್ಲದ ಕೋಟು

ಫೆಬ್ರವರಿ ೧೧

ತಮ್ಮಯ್ಯನಿಗೆ,

ಫೋನ್ ಇರುವಾಗ ಅಕ್ಕನಿಗೆ ಏನು ಬಂತು, ಕಾಗದ ಬರೆಯುತ್ತಿದ್ದಾಳೆ ಎಂದು ನಗುತ್ತಿರಬೇಕು ನೀನು. ನಗು ಪರವಾಗಿಲ್ಲ. ಯಾವುದಾದರೂ ಕಂಪ್ಯೂಟರ್ ಆಟದ ಮೇಲೆ ದೂರು ಬಂದಾಗ, ಆಟ ಮಾಡುವ ಕಸುಬಿನ ಯಾರ ಜೊತೆಗೂ ನಾವು ಫೋನಿನಲ್ಲಾಗಲಿ ಮೇಲ್‌ನಲ್ಲಾಗಲಿ ಮಾತಾಡಕೂಡದು ಎಂದು ನಮ್ಮ ಆಫೀಸಿನ ನಿಯಮ. ಕಾಗದ ಬರೆಯುವವರು ಇನ್ನೂ ಇದ್ದಾರೆ ಎಂಬುದು ನಿಯಮ ಮಾಡಿದವರಿಗೆ ಹೊಳೆದಿಲ್ಲ, ಅದು ನನ್ನ ತಪ್ಪಲ್ಲ.

ದೂರು ಬಂದಿರುವುದು 'ಉಪ್ಪಿನ ಬಾಗಿಲು' ಎಂಬ ಆಟದ ಮೇಲೆ. ಹೋದ ವರ್ಷ ಅದನ್ನು ನೋಡಿ, ಹದಿಮೂರು ದಾಟಿದವರು ಆಡಬಹುದು ಎಂದು ದರ್ಜೆ ಕೊಟ್ಟವಳು ನಾನೇ. ಕತ್ತಿವರಸೆ, ಹಡಗು, ಒಂದಿಷ್ಟು ರಕ್ತ, ಅಷ್ಟೇ ಎಂದುಕೊಂಡಿದ್ದೆ. ಈಗ ನೋಡಿದರೆ ಅಭಿಮಾನಿಗಳ ಫೋರಂನಲ್ಲಿ ತಿಂಗಳುಗಟ್ಟಲೆಯಿಂದ ಜಗಳ. ಆಟದಲ್ಲಿ ಹಡಗಿನ ನಾಯಕಿ ಒಬ್ಬಳು, ವೈದ್ಯೆ ಒಬ್ಬಳು. ಇಬ್ಬರೂ ನಲವತ್ತರ ಆಸುಪಾಸಿನವರು. ಕೊನೆಯ ಯುದ್ಧಕ್ಕೆ ಮುಂಚೆ ಬಂಡೆಯ ಸಂದಿಯೊಂದರಲ್ಲಿ ಇಬ್ಬರೂ ಮೈಗೆ ಮೈ ತಾಗುವಂತೆ ನುಸುಳಿ ಹೋಗುತ್ತಾರೆ. ನಡುವೆ ನಿಲ್ಲುತ್ತಾರೆ. ವೈದ್ಯೆ ನಾಯಕಿಯ ಕತ್ತಿನ ಹಿಂದೆ ಕೈ ಹಾಕುತ್ತಾಳೆ. ಮಾತಿಲ್ಲ ಕತೆಯಿಲ್ಲ, ಮುಂದೆ ಹೋಗುತ್ತಾರೆ.

ಅವರಿಬ್ಬರ ನಡುವೆ 'ಅದು' ಇದೆ ಎನ್ನುವವರದು ಒಂದು ಪಕ್ಷ, ಇಲ್ಲವೇ ಇಲ್ಲ ಎನ್ನುವವರದು ಇನ್ನೊಂದು. ಇರುವಂತೆ ತೋರಿಸಿ ಮಾರಿಕೊಂಡು, ಕೇಳಿದರೆ ಇಲ್ಲ ಎನ್ನುವ ಕಳ್ಳಾಟ ಇದು ಎನ್ನುವ ಮೂರನೆಯವರೂ ಇದ್ದಾರೆ. ದರ್ಜೆ ಕೊಟ್ಟವಳು ನಿದ್ದೆ ಮಾಡುತ್ತಿದ್ದಳು ಅಥವಾ ಕೈ ಬಿಸಿ ಮಾಡಿಕೊಂಡಿದ್ದಳು ಎಂಬುದರಲ್ಲಿ ಮಾತ್ರ ಮೂವರಿಗೂ ಒಮ್ಮತ. ಇದನ್ನೆಲ್ಲ ಓದಿದ ಕೆಲವು ತಂದೆತಾಯಿಯರು ದೂರು ಕೊಟ್ಟಿದ್ದಾರೆ. ನೀವೇ ಕೊಟ್ಟಿದ್ದು, ನೀವೇ ಉತ್ತರ ಹೇಳಿ ಎಂದು ನಮ್ಮ ಮುಖ್ಯಸ್ಥೆ ಫೈಲನ್ನು ನನ್ನ ಮೇಜಿಗೇ ದಬ್ಬಿದರು. ನಾನು ಸರಿಯಾದ ಉತ್ತರ ಕೊಡದಿದ್ದರೆ ಅದು ನಮ್ಮ ಹಿರಿಯ ಪರೀಕ್ಷಕರ ಕೈಗೆ ಹೋಗುತ್ತದೆ. ಆಫೀಸಿನಲ್ಲಿ ಎಲ್ಲರೂ ಅವರನ್ನು ಕತ್ತರಿ ಮಾವ ಎನ್ನುತ್ತೇವೆ. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವರು ಹದಿನೆಂಟು ಎಂದರೆ ಮುಗಿಯಿತು. ಮಾರಾಟ ಬೀಳುತ್ತದೆಂದು ಕಂಪನಿಯವರು ಆ ದೃಶ್ಯ ಕಿತ್ತೆಸೆಯುತ್ತಾರೆ, ನನ್ನ ಮರ್ಯಾದೆಯನ್ನೂ ಅದರ ಜೊತೆಗೆ.

ನೀನು ಆಟದ ಪಾತ್ರಗಳಿಗೆ ಚಲನೆ ಕೊಡುವವನು. ಹೇಳು, ಇಂಥದ್ದನ್ನು ಬೇಕೆಂದೇ ಇಡುತ್ತಾರಾ? ಇನ್ನೊಂದು ಮಾತು, ಸುಮ್ಮನೆ ಕೇಳುತ್ತಿದ್ದೇನೆ: ಈ ಆಟದಲ್ಲಿ ನಿನ್ನ ಕೈ ಏನೂ ಇಲ್ಲ ತಾನೆ?

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಜೊತೆ ಮನೆಯಲ್ಲಿರುವ ಆ ಶಬ್ದದ ಹುಡುಗ, ಆಟಗಳಿಗೆ ಹೆಜ್ಜೆ ಸದ್ದು ಬಾಗಿಲ ಸದ್ದು ಮಾಡುವವನು, ಹೇಗಿದ್ದಾನೆ? ಮೊದಲು ನಿನ್ನ ಪ್ರತಿ ಮಾತಿನಲ್ಲೂ ಅವನಿರುತ್ತಿದ್ದ. ಈಚಿನ ವರ್ಷಗಳಲ್ಲಿ ಸುದ್ದಿಯೇ ಇಲ್ಲ. ಜಗಳವಾಯಿತಾ?

ನಿನ್ನ,
ಅಕ್ಕ


ಫೆಬ್ರವರಿ ೨೦

ಪೊಲೀಸಕ್ಕನ ಸನ್ನಿಧಾನಕ್ಕೆ,

ಕಾಗದ ನೋಡಿ ನಿಜಕ್ಕೂ ಗಾಬರಿಯಾಯಿತು. ಮನೆಯಲ್ಲಿ ಏನೋ ಆಗಿದೆ ಎಂದು ನಿಂತಲ್ಲೇ ಒಡೆದು ಓದಿದೆ. ಓದಿದ ಮೇಲೆ, ಏನಾದರೂ ಆಗಿದ್ದರೇ ವಾಸಿಯಿತ್ತು ಅನಿಸಿತು. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ಓರೆಯಾಗಿದೆ ಎಂದು ನನ್ನನ್ನು ಗೋಡೆಗೆ ನಿಲ್ಲಿಸಿ ವಿಚಾರಿಸುತ್ತಿದ್ದೆಯಲ್ಲ, ಅದೇ ದನಿ.

ಬಂಡೆಯ ಸಂದಿ ಇಡುವುದು ನಮ್ಮ ಕಸುಬಿನ ಹಳೆಯ ಉಪಾಯ. ಆಟದಲ್ಲಿ ಮುಂದೆ ಬರುವ ಊರಿನ ಚಿತ್ರವನ್ನು ಯಂತ್ರ ತುಂಬಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ಕಾಯಿಸಿದರೆ ಆಡುವವನು ಬೈಯುತ್ತಾನೆ. ಅದಕ್ಕೇ ಪಾತ್ರಗಳನ್ನು ಸಂದಿಗೊಂದಿಯಲ್ಲಿ ನಿಧಾನವಾಗಿ ನುಸುಳಿಸುವುದು. ಇಬ್ಬರು ಮೈಗೆ ಮೈ ತಾಗಿಸಿ ನಿಂತಿರುವುದು ಪ್ರೀತಿಗಲ್ಲ, ಹಿಂದುಗಡೆ ಊರು ಸಿದ್ಧವಾಗಲಿ ಎಂದು. ಇದನ್ನು ಹಾಗೇ ಬರೆದುಕೊಂಡು ಫೈಲ್ ಮುಚ್ಚು.

ನನ್ನ ಕೈ ಇದೆಯಾ ಎಂದರೆ ಏನು ಹೇಳಲಿ? ನಮ್ಮದು ಸಣ್ಣ ಕಾರ್ಖಾನೆ. ಹೊರಗಿನ ಕಂಪನಿಗಳ ಕೆಲಸ ತುಂಡು ತುಂಡಾಗಿ ಬರುತ್ತದೆ. ಒಬ್ಬರಿಗೆ ಕೈ, ಒಬ್ಬರಿಗೆ ಕಾಲು. ಯಾವ ಕಾಲು ಯಾವ ಆಟಕ್ಕೆ ಹೋಯಿತೋ ಯಾರಿಗೆ ಗೊತ್ತು.

ಒಂದು ಮಾತು ಕೇಳಲಾ? ಇದನ್ನು ಅಕ್ಕ ಕೇಳುತ್ತಿದ್ದಾಳಾ, ಆಫೀಸು ಕೇಳುತ್ತಿದೆಯಾ? ಅಕ್ಕನಾದರೆ ನನ್ನ ಕೆಮ್ಮು ಹೇಗಿದೆ ಎಂದು ಮೊದಲು ಕೇಳುತ್ತಿದ್ದಳು.

ಮನೆಯಲ್ಲಿರುವವನು ಚೆನ್ನಾಗಿದ್ದಾನೆ. ಕೆಲಸ ಜಾಸ್ತಿ.

ಇಂತಿ,
ಗೋಡೆಗೆ ನಿಂತಿರುವ ತಮ್ಮ


ಮಾರ್ಚ್ ೪

ತಮ್ಮಯ್ಯ,

ಕೆಮ್ಮು ಹೇಗಿದೆ? ಆಯಿತು, ಕೇಳಿದೆ. ಈಗ ವಿಷಯಕ್ಕೆ ಬರುತ್ತೇನೆ.

ನಾನು ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎನ್ನಬಹುದಿತ್ತು. ನೀನು ಕೈ ಕಾಲು ಎಂದು ಕತೆ ಹೇಳಿದೆ. ಸಕ್ಕರೆ ತಿಂದಾಗಲೂ ಹೀಗೇ, ಇರುವೆಗಳ ಬಗ್ಗೆ ಉದ್ದಕ್ಕೆ ಹೇಳುತ್ತಿದ್ದೆ.

ಹಾಗಾಗಿ ಆ ದೃಶ್ಯವನ್ನು ನಮ್ಮ ಪರೀಕ್ಷೆ ಕೋಣೆಯಲ್ಲಿ ಕೂತು ನಿಧಾನಗತಿಯಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದೆ. ಫೋರಂನವರು ಹುಚ್ಚರಲ್ಲ. ವೈದ್ಯೆಯ ಎರಡು ಬೆರಳು ನಾಯಕಿಯ ಕತ್ತಿನ ಹಿಂದೆ ಹೋಗಿ, ಏನನ್ನೋ ಒಳಕ್ಕೆ ತಳ್ಳಿ, ಮೇಲಿಂದ ಒಮ್ಮೆ ಒತ್ತುತ್ತವೆ. ಆದರೆ ಅಲ್ಲಿ ತಳ್ಳುವುದಕ್ಕೆ ಏನೂ ಇಲ್ಲ. ನಾಯಕಿಯದು ದಪ್ಪ ಚರ್ಮದ ಕೋಟು. ದಾರವಿಲ್ಲ, ಗುಂಡಿಯಿಲ್ಲ, ಮಡಿಕೆಯಿಲ್ಲ. ಬರಿಯ ಕತ್ತಿನ ಮೇಲೆ ಬೆರಳು ಸುಮ್ಮನೆ ಓಡಾಡುತ್ತದೆ. ಕೆಲಸವಿಲ್ಲದ ಕೈ ಮುದ್ದಿಸುವ ಕೈಯೇ ಎಂಬುದು 'ಇದೆ' ಪಕ್ಷದವರ ವಾದ. ನನಗೂ ಎದುರು ವಾದ ಹೊಳೆಯಲಿಲ್ಲ.

ಮನೆಗೆ ಬಂದು ಮತ್ತೆ ಅದನ್ನೇ ಹಾಕಿಕೊಂಡು ಕೂತಿದ್ದೆ. ಒಗೆದ ಬಟ್ಟೆ ಮಡಿಸುತ್ತಿದ್ದ ಅಮ್ಮ ನನ್ನ ಭುಜದ ಮೇಲಿಂದ ನೋಡಿ, "ಕಾಲರ್ ಸರಿ ಮಾಡ್ತಿದ್ದಾಳೆ ಪಾಪ. ಎಷ್ಟು ವರ್ಷದಿಂದ ಒಟ್ಟಿಗಿದಾರೆ ಇವರು?" ಎಂದಳು. ಇದು ಆಟ, ಇವರು ಯಾರೂ ಅಲ್ಲ ಎಂದೆ. "ಯಾರೂ ಅಲ್ದೋರು ಹೀಗ್ ಮಾಡಲ್ಲ" ಎಂದು ಮಡಿಸಿದ ಬಟ್ಟೆ ಎತ್ತಿಕೊಂಡು ಹೋದಳು.

ಆಮೇಲೆ ನಾನು ವೈದ್ಯೆಯ ಕೈ ಬಿಟ್ಟು ನಾಯಕಿಯ ಭುಜ ನೋಡಿದೆ. ಬೆರಳು ತಾಗಿದೊಡನೆ ಅವಳ ಎಡಭುಜ ಕಿವಿಯ ತನಕ ಏರಿ, ತಲೆ ಬಲಕ್ಕೆ ವಾಲುತ್ತದೆ. ಸ್ಕೂಲಿಗೆ ಹೊರಡುವಾಗ ನಿನ್ನ ಅಂಗಿಯ ಲೇಬಲ್ ಹೊರಗೆ ಬಂದಿರುತ್ತಿತ್ತು, ದಿನಾ. ನಾನು ಒಳಗೆ ಹಾಕುತ್ತಿದ್ದೆ. ಕಚಗುಳಿಯೆಂದು ನೀನು ಹೀಗೇ ಭುಜ ಎತ್ತುತ್ತಿದ್ದೆ. ಇನ್ನು ನನ್ನ ಹತ್ತಿರ ಇರುವೆಯ ಕತೆ ಹೇಳಬೇಡ. ಅದು ನೀನು.

ಮೈಯೆಲ್ಲ ಉರಿಯಿತು ನನಗೆ. ಮನೆಯವರು ಮಾಡಿದ ಆಟಕ್ಕೆ ನಾವು ದರ್ಜೆ ಕೊಡಕೂಡದು. ಈ ವಿಷಯ ಫೋರಂಗೆ ಗೊತ್ತಾದರೆ ಕೈ ಬಿಸಿ ಮಾಡಿಕೊಂಡಳು ಎಂಬ ಮಾತೇ ನಿಜವಾಗುತ್ತದೆ. ನನ್ನ ಕೆಲಸ ಹೋಗುತ್ತದೆ, ನಿನ್ನದೂ. ಆದ್ದರಿಂದ ಕೇಳು. ದೃಶ್ಯ ಮಾಡಿದವರಿಂದ ಹೇಳಿಕೆ ತರಿಸಿ ಎಂದು ಆಟದ ಕಂಪನಿಗೆ ಆಫೀಸು ಬರೆದಿದೆ. ಅದು ನಿನ್ನ ಹತ್ತಿರವೇ ಬರುತ್ತದೆ. 'ಚಲನೆಯಲ್ಲಿ ಆದ ತಪ್ಪು, ಅವರಿಬ್ಬರ ನಡುವೆ ಏನೂ ಇಲ್ಲ' ಎಂದು ಬರೆದು ಕಳಿಸು. ನಿನ್ನ ಹೆಸರು ನನ್ನ ಮೇಜಿಗೆ ಬರುವುದಿಲ್ಲ, ಕಂಪನಿಯ ಹೆಸರು ಮಾತ್ರ. ನಾನು ಫೈಲ್ ಮುಚ್ಚುತ್ತೇನೆ. ಇಬ್ಬರೂ ಬಚಾವ್.

ಅಕ್ಕ


ಮಾರ್ಚ್ ೧೫

ಅಕ್ಕಾ,

ಸರಿ. ಅದು ನಾನೇ.

ಕೆಲಸದ ಬಗ್ಗೆ ಯಾರಿಗೂ ಹೇಳಬಾರದು ಎಂದು ಬರೆಸಿಕೊಂಡಿದ್ದರು. ನಿನ್ನ ಮೇಜಿಗೇ ಹೋಗುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಹೋಗಿ ಬಂದ ಮೇಲೆ ಗೊತ್ತಾಯಿತು, ಆಗ ಹೇಳುವ ಧೈರ್ಯ ಬರಲಿಲ್ಲ.

ತಪ್ಪಾದದ್ದು ಹೇಗೆ ಎಂದು ಹೇಳುತ್ತೇನೆ. ಯಾವುದೇ ಚಲನೆ ಮಾಡುವ ಮೊದಲು ನಾವು ಕ್ಯಾಮೆರಾ ಇಟ್ಟು ನಾವೇ ನಟಿಸುತ್ತೇವೆ. ಅದನ್ನು ನೋಡಿಕೊಂಡು ಪಾತ್ರಕ್ಕೆ ಚಲನೆ ಕೂರಿಸುತ್ತೇವೆ. ಇದನ್ನು ಮನೆಯಲ್ಲೇ, ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ತೆಗೆದದ್ದು. ಮೊದಲು ನಾಯಕಿಯಾಗಿ ನಾನೇ, ಆಮೇಲೆ ವೈದ್ಯೆಯಾಗಿಯೂ ನಾನೇ. ಮನೆಯ ಅಂಗಿ ಹಾಕಿಕೊಂಡಿದ್ದೆ, ಲೇಬಲ್ ಎಂದಿನಂತೆ ಹೊರಗಿತ್ತು. ಚಲನೆ ಮುಗಿಸಿ ಕೊಟ್ಟೆ. ಪಾತ್ರಗಳ ಉಡುಪು ಹೊಲಿಯುವ ವಿಭಾಗವೇ ಬೇರೆ, ಅವರು ಆಮೇಲೆ ಚರ್ಮದ ಕೋಟು ತೊಡಿಸಿದರು. ಕೋಟಿಗೆ ಲೇಬಲ್ ಇಲ್ಲ. ಬೆರಳು ಮಾತ್ರ ಉಳಿಯಿತು. ಯಾರೂ ಗಮನಿಸಲಿಲ್ಲ, ನಾನೂ.

ಈಗ ನೀನು ಉತ್ತರ ಹೇಳಬೇಕು. ಮೊನ್ನೆ ಫೋರಂನಲ್ಲಿ 'ಹಳೇ ಹೊಲಿಗೆ' ಎಂಬ ಹೆಸರಿನಲ್ಲಿ ಯಾರೋ ಬರೆದಿದ್ದಾರೆ. 'ಅದು ಕೆಲಸವಿಲ್ಲದ ಕೈಯೂ ಅಲ್ಲ, ಮೈಮುಟ್ಟುವ ನೆವವೂ ಅಲ್ಲ. ಹೊರಗೆ ಬಂದ ಲೇಬಲ್ಲನ್ನು ಒಳಗೆ ಹಾಕುವ ಕೈ. ದಿನಾ ಬೆಳಿಗ್ಗೆ ಹಾಕುವ ಕೈ.' ಮೂರು ಪಕ್ಷದವರೂ ಈಗ ಅವನು ಯಾರು, ಅವನಿಗೆ ಹೇಗೆ ಗೊತ್ತು ಎಂದು ಹುಡುಕುತ್ತಿದ್ದಾರೆ. ಅಮ್ಮನನ್ನು ಬಿಟ್ಟರೆ ನನ್ನ ಲೇಬಲ್ ವಿಷಯ ಗೊತ್ತಿರುವುದು ಇಬ್ಬರಿಗೇ. ಅದರಲ್ಲಿ ನೀನೊಬ್ಬಳು. ಬಾಯಿ ಬಿಡಿಸುವುದಕ್ಕೆ ನೀನೇ ಗಾಳ ಹಾಕಿದೆಯಾ ಅಕ್ಕ? ಕಾಗದದಲ್ಲಿ ಒಂದು, ಫೋರಂನಲ್ಲಿ ಒಂದು?

ಹೇಳಿಕೆ ಕೇಳಿದ್ದಾರೆ. ಯೋಚಿಸಿ ಬರೆಯುತ್ತೇನೆ.

ತಮ್ಮ


ಮಾರ್ಚ್ ೨೨

ತಮ್ಮಯ್ಯ,

ಫೋರಂನಲ್ಲಿ ಬರೆದದ್ದು ನಾನಲ್ಲ. ಅಮ್ಮನ ಮೇಲಾಣೆ. ನೀನು ನನ್ನನ್ನು ಹಾಗೆ ಅಂದುಕೊಂಡೆಯಲ್ಲ ಎಂದು ಎರಡು ಹೊತ್ತು ಅನ್ನ ಸೇರಲಿಲ್ಲ. ಗಾಳ ಹಾಕುವುದು ನನ್ನ ಜಾಯಮಾನವಲ್ಲ, ನಾನು ಎದುರಿಗೇ ಬೈಯುವವಳು.

ಎದುರಿಗೇ ಕೇಳುತ್ತೇನೆ. ಇಬ್ಬರ ಪಾತ್ರವನ್ನೂ ನೀನೇ ಒಂದಾದ ಮೇಲೊಂದು ಮಾಡಿದೆ ಎಂದೆ. ಆದರೆ ಬೆರಳು ಒತ್ತುವುದೂ ಭುಜ ಏಳುವುದೂ ಒಟ್ಟಿಗೇ ಆಗುತ್ತದೆ. ಬರಲಿರುವ ಬೆರಳನ್ನು ಕಾಯುತ್ತಿರುವ ಭುಜವಲ್ಲ ಅದು, ಮುಟ್ಟಿಸಿಕೊಂಡ ಭುಜ. ನಿನ್ನ ಕಚಗುಳಿಯನ್ನು ನೀನೇ ಮಾಡಿಕೊಳ್ಳಲಾರೆ. ನಿನ್ನ ಹಿಂದೆ ಒಬ್ಬರು ನಿಂತಿದ್ದರು. ನಟನೆಯ ನಡುವೆ ಲೇಬಲ್ ಕಣ್ಣಿಗೆ ಬಿದ್ದು, ಕ್ಯಾಮೆರಾ ಓಡುತ್ತಿದೆ ಎಂಬುದನ್ನೇ ಮರೆತು ಒಳಗೆ ಹಾಕಿದರು.

ನಿನ್ನ ಕಾಗದದಲ್ಲಿ 'ಇಬ್ಬರಿಗೇ' ಎಂದು ಬರೆದಿದ್ದೀಯ. ಒಬ್ಬಳು ನಾನು. ಇನ್ನೊಬ್ಬರನ್ನು ಹೇಳಲಿಲ್ಲ.

ಹೇಳು ಎನ್ನಲಾ ಹೇಳಬೇಡ ಎನ್ನಲಾ ಗೊತ್ತಾಗುತ್ತಿಲ್ಲ. ಹೇಳಿಕೆ ಕೊಡುವ ಗಡುವು ಹತ್ತಿರ ಬರುತ್ತಿದೆ. ಸದ್ಯಕ್ಕೆ ಆ ಒಂದು ಸಾಲು ಬರೆದು ಕಳಿಸಿಬಿಡು. ಮಿಕ್ಕಿದ್ದು ಆಮೇಲೆ ನೋಡೋಣ.

ಅಕ್ಕ


ಏಪ್ರಿಲ್ ೧೪

ಅಕ್ಕಾ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೈದುಕೊಂಡಿರುತ್ತೀಯ.

ನಿನ್ನ ಕಾಗದ ಬಂದ ವಾರದ ಭಾನುವಾರವೇ ಬರೆಯಲು ಕೂತೆ. ನೀನು ಹೇಳಿಕೊಟ್ಟ ಸಾಲನ್ನೇ ಬರೆದೆ. ಚಲನೆಯಲ್ಲಿ ಆದ ತಪ್ಪು, ಅವರಿಬ್ಬರ ನಡುವೆ ಏನೂ ಇಲ್ಲ. ಸಹಿ ಒಂದು ಬಾಕಿ. ಅವನು ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದ. ಶಬ್ದದವನಾದರೂ ಮನೆಯಲ್ಲಿ ಸದ್ದೇ ಮಾಡದೆ ಓಡಾಡುತ್ತಾನೆ. ಲೋಟ ಇಡುವುದಕ್ಕೆ ಬಂದವನು ನನ್ನ ಹಿಂದೆ ನಿಂತು ಓದಿದ.

"ಫೋರಂನಲ್ಲಿ ಬರ್ದಿದ್ದು ನಾನೇ" ಎಂದ. "ಎಲ್ರೂ ಇಲ್ಲ ಇಲ್ಲ ಅಂತಿದ್ರು. ಅದು ನನ್ ಕೈ ಕಣೋ. ತಡ್ಕೊಳಕ್ಕಾಗ್ಲಿಲ್ಲ."

ನನಗೆ ಸಿಟ್ಟು ಬಂತು. ಎಲ್ಲರನ್ನೂ ಅನುಮಾನಿಸಿದ್ದೆ, ನಿನ್ನನ್ನೂ, ಅವನೊಬ್ಬನನ್ನು ಬಿಟ್ಟು. ಕೆಲಸ ಹೋಗುತ್ತದೆ, ಅಕ್ಕನದೂ ಹೋಗುತ್ತದೆ ಎಂದು ಕೂಗಾಡಿದೆ. "ಬರ್ಕೊಡು. ಕಾಗದದ್ ಮೇಲೆ ತಾನೆ" ಎಂದ. ಹಾಗೆ ಹೇಳುತ್ತಲೇ ಅವನ ಕೈ ನನ್ನ ಕತ್ತಿನ ಹಿಂದೆ ಬಂದು ಲೇಬಲ್ ಒಳಗೆ ಹಾಕಿತು. ಅವನಿಗೆ ಗೊತ್ತೂ ಆಗಲಿಲ್ಲ, ಚಹಾ ಪಾತ್ರೆ ತೊಳೆಯುವುದಕ್ಕೆ ಹೋದ.

ಸಹಿ ಮಾಡಲಾಗಲಿಲ್ಲ ಅಕ್ಕ. ಹರಿದು ಹಾಕಿದೆ.

ನಾವು ಒಟ್ಟಿಗಿರುವುದಕ್ಕೆ ಬಹಳ ವರ್ಷವಾಯಿತು. ಮೊದಮೊದಲು ಅವನ ಸುದ್ದಿ ಹೇಳುತ್ತಿದ್ದೆ, ಯಾಕೆಂದರೆ ಹೇಳುವುದಕ್ಕೆ ಏನೂ ಇರಲಿಲ್ಲ. ಆಮೇಲೆ ನಿಲ್ಲಿಸಿದೆ, ಹೇಳುವುದಕ್ಕೆ ಇತ್ತು. ಮಾರುವುದಕ್ಕಾಗಿ ಸುಳ್ಳು ಪ್ರೀತಿ ತೋರಿಸಿದ್ದಾರೆ ಎನ್ನುತ್ತಾರಲ್ಲ ಆ ಮೂರನೆಯ ಪಕ್ಷದವರು, ಅವರ ಮಾತು ಬಲವಾಗಿ ಚುಚ್ಚುತ್ತದೆ ನನಗೆ. ಆ ಆಟದಲ್ಲಿ ನಾವು ಬೇಕೆಂದು ಮಾಡದೆ ಇದ್ದದ್ದು ಅದೊಂದೇ.

ಬರೆದುಕೊಡಲಾರೆ ಎಂದು ಕಾರ್ಖಾನೆಯಲ್ಲಿ ಹೇಳಿದೆ. ನನ್ನನ್ನು ಸದ್ಯಕ್ಕೆ ಕೆಲಸದಿಂದ ಹೊರಗಿಟ್ಟಿದ್ದಾರೆ. ಇನ್ನು ನಿನ್ನ ಕೈಯಲ್ಲಿದೆ. ನೀನು ಅಕ್ಕನಾಗಿ ಓದುತ್ತೀಯೋ ಆಫೀಸಾಗಿ ಓದುತ್ತೀಯೋ, ನನಗೆ ಈಗಲೂ ಗೊತ್ತಿಲ್ಲ. ಹೆದರಿಕೊಂಡೇ ಅಂಚೆಗೆ ಹಾಕುತ್ತಿದ್ದೇನೆ.

ನಿನ್ನ ತಮ್ಮ


ಮೇ ೨

ತಮ್ಮಯ್ಯನಿಗೆ,

ಮೊದಲು ಅಕ್ಕನಾಗಿ ಓದಿದೆ. ಓದಿ ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಆಫೀಸಿಗೆ ಹೋದೆ.

ಮುಖ್ಯಸ್ಥೆಯ ಕೋಣೆಗೆ ಹೋಗಿ, ಆ ದೃಶ್ಯ ಮಾಡಿದವನು ನನ್ನ ತಮ್ಮ, ದರ್ಜೆ ಕೊಡುವಾಗ ನನಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಸುಮ್ಮನಿದ್ದೆ, ಕಾಗದವನ್ನೂ ಬರೆದೆ ಎಂದು ಎಲ್ಲ ಒಪ್ಪಿಸಿದೆ. ಅವರು ಫೈಲ್ ನನ್ನಿಂದ ಕಿತ್ತುಕೊಂಡು, ನಾನು ಹೆದರಿದ್ದ ಹಾಗೇ ಕತ್ತರಿ ಮಾವನಿಗೆ ಕೊಟ್ಟರು. ಈ ದೃಶ್ಯ ಹೇಗೆ ಹುಟ್ಟಿತು ಎಂದು ಮಾವ ನನ್ನನ್ನು ಕರೆದು ಕೇಳಿದರು. ಅಂಗಿ, ಲೇಬಲ್, ಓಣಿ, ಕೋಟು ಎಲ್ಲ ಹೇಳಿದೆ. ಹಿಂದೆ ನಿಂತಿದ್ದವರು ಯಾರು ಎಂದಾಗ, ಮನೆಯವರು ಎಂದೆ. ಅದಕ್ಕಿಂತ ಹೆಚ್ಚು ಹೇಳುವುದು ನನ್ನ ಹಕ್ಕಲ್ಲ, ಕಡಿಮೆ ಹೇಳಲು ಮನಸ್ಸು ಒಪ್ಪಲಿಲ್ಲ.

ಅವರು ಬಾಗಿಲು ಹಾಕಿಕೊಂಡು ಇಡೀ ಆಟ ನೋಡಿದರು. ನಾನು ಹೊರಗೆ ಉಗುರು ಕಚ್ಚುತ್ತ ಕೂತಿದ್ದೆ. ಆ ಮುದುಕರು ಏನು ಹುಡುಕುತ್ತಿದ್ದಾರೆ, ಎಲ್ಲಿ ಕತ್ತರಿ ಇಡುತ್ತಾರೆ ಎಂದು ಒಂದೊಂದು ಸದ್ದಿಗೂ ಅನುಮಾನ. ಹೊರಗೆ ಬಂದು ಕನ್ನಡಕ ಒರೆಸಿಕೊಂಡರು.

"ಎರಡ್ನೇ ಭಾಗದಲ್ಲಿ ಕಮ್ಮಾರ ಬಾವಿ ಹತ್ರ ಅಂಗಡಿಯವಳಿಗೆ ಮುತ್ತು ಕೊಡ್ತಾನಲ್ಲಮ್ಮ, ಅದಕ್ಕೆ ಎಷ್ಟು ಕೊಟ್ಟಿದೀರಿ?"

ಹದಿಮೂರು ಎಂದೆ.

"ಯಾರಾದ್ರೂ ದೂರು ಕೊಟ್ರಾ?"

ಇಲ್ಲ ಎಂದೆ.

"ಮತ್ತೆ ಕಾಲರ್ ಸರಿ ಮಾಡೋದಕ್ಕೆ ಹದಿನೆಂಟು ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?"

ಅವರು ಬರೆದ ವರದಿ ಎರಡೇ ಸಾಲು. 'ಈ ಎರಡು ಪಾತ್ರಗಳ ನಡುವೆ ಪ್ರೀತಿ ಇದೆ. ಹದಿಮೂರು ದಾಟಿದವರು ನೋಡಬಹುದು.' ಇಲ್ಲ ಎಂದು ಹೇಳದೆ ಫೈಲ್ ಮುಚ್ಚಬಹುದು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಿನಗೆ ಬರೆಸಲು ಹೊರಟಿದ್ದ ಸಾಲು ನೆನಪಾದರೆ ಕಿವಿ ಬಿಸಿಯಾಗುತ್ತದೆ. ದೃಶ್ಯ ಹಾಗೇ ಉಳಿಯುತ್ತದೆ. ಫೋರಂನಲ್ಲಿ 'ಇದೆ'ಯವರು ಕುಣಿಯುತ್ತಿದ್ದಾರೆ, 'ಇಲ್ಲ'ದವರು ಮುದುಕರೂ ಕೈ ಬಿಸಿ ಮಾಡಿಕೊಂಡರು ಎನ್ನುತ್ತಿದ್ದಾರೆ. ಮೂರನೆಯವರ ಪ್ರಕಾರ ಇದೂ ಜಾಹೀರಾತೇ.

ನನ್ನ ಕೆಲಸ ಹೋಗಲಿಲ್ಲ. ಮೂರು ವರ್ಷದ ಮಕ್ಕಳ ಆಟಗಳ ವಿಭಾಗಕ್ಕೆ ತಳ್ಳಿದ್ದಾರೆ. ದಿನವಿಡೀ ಬಾತುಕೋಳಿಗಳು ರಸ್ತೆ ದಾಟುವುದನ್ನು ನೋಡುತ್ತೇನೆ. ಅವುಗಳ ಮೇಲೂ ನನಗೆ ಅನುಮಾನ ಬರತೊಡಗಿದೆ. ವರದಿ ನಿಮ್ಮ ಕಾರ್ಖಾನೆಗೂ ಬಂದಿರಬೇಕು. ಇನ್ನೂ ನಿನ್ನನ್ನು ಹೊರಗಿಟ್ಟಿದ್ದರೆ ಹೇಳು, ಬಂದು ವಿಚಾರಿಸಿಕೊಳ್ಳುತ್ತೇನೆ.

ಸಿಟ್ಟು ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ಮುಚ್ಚಿಟ್ಟೆಯಲ್ಲ ಎಂದು ಸಿಟ್ಟಿದೆ. ಮುಚ್ಚಿಡಬೇಕು ಎಂದು ನಿನಗೆ ಅನ್ನಿಸುವಂತೆ ನಾನಿದ್ದೆನಾ ಎಂದು ಅದಕ್ಕಿಂತ ಹೆಚ್ಚು ಸಂಕಟವಿದೆ. ಅಮ್ಮನಿಗೆ ಹೇಗೆ ಹೇಳುವುದೆಂದು ಮೂರು ದಿನ ಒದ್ದಾಡಿ, ಕೊನೆಗೆ ಹೇಳಿದೆ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಅವತ್ತೇ ಕೇಳಿದ್ನಲ್ಲ, ಎಷ್ಟು ವರ್ಷದಿಂದ ಅಂತ. ನೀನು ಹೇಳ್ಲಿಲ್ಲ" ಎಂದಳು. ಆಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಬಂದಾಗ, ಆ ಹುಡುಗನಿಗೆ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಬರೆದು ತಿಳಿಸು. ಬರುವಾಗ ಇಬ್ಬರೂ ಬನ್ನಿ. ಬಾಗಿಲಲ್ಲಿ ನಿನ್ನ ಕಾಲರಿನ ಕಡೆ ನಾನು ನೋಡುವುದಿಲ್ಲ. ಅದು ಈಗ ನನ್ನ ಕೆಲಸವಲ್ಲ.

ನಿನ್ನ ಅಕ್ಕ,
ಅಕ್ಕನಾಗಿಯೇ